ವಿಂಡೋಸ್ 98, ಡಯಲ್-ಅಪ್, ಅದರಲ್ಲಿ ಕನ್ನಡ

ವಿಂಡೋಸ್ 98 ಇರುವ ಹಳೇ ಪಿಸಿಯಲ್ಲಿ, ಮೋಡೆಮ್ ಕಿರುಚಾಟದ ಸಮೇತ, ಇವತ್ತಿನ ಕನ್ನಡ ಪುಟ ಓದಬೇಕು ಅನ್ನೋದು ನನ್ನ ಹಠವಾಗಿತ್ತು. ಇದರಿಂದ ಏನುಪಯೋಗ ಅಂತ ಕೇಳಬೇಡಿ, ಮನೆಯವರು ಆಗಲೇ ಕೇಳಿ ಸುಸ್ತಾಗಿದ್ದಾರೆ.

ಡಯಲ್ ಮಾಡೋಕೆ ನನ್ನ ಹತ್ತಿರ ನಂಬರೂ ಇಲ್ಲ, ಲ್ಯಾಂಡ್‌ಲೈನೂ ಇಲ್ಲ. ಹಾಗಾಗಿ ಇಂಟರ್ನೆಟ್ ಕೊಡುವ ಕಂಪನಿಯನ್ನೇ (ಐಎಸ್‌ಪಿ) ಮನೆಯಲ್ಲಿ ಮಾಡಿಕೊಂಡೆ. ಪಿಸಿಗೆ ಒಂದು ಸೀರಿಯಲ್ ಮೋಡೆಮ್, ಮನೆಯ ಇಂಟರ್ನೆಟ್‌ಗೆ ಸೇರಿಸಿದ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ಗೆ ಒಂದು ಯುಎಸ್‌ಬಿ ಮೋಡೆಮ್, ನಡುವೆ ಮಾಮೂಲಿ ಟೆಲಿಫೋನ್ ವೈರ್. ಲೈನಲ್ಲಿ ಸ್ವಲ್ಪ ಕರೆಂಟ್ ಹರಿಯದಿದ್ದರೆ ಕೆಲವು ಮೋಡೆಮ್‌ಗಳು ಮಾತಾಡುವುದೇ ಇಲ್ಲ. ಅದಕ್ಕೆ ಒಂದು ಎಳೆ ಕತ್ತರಿಸಿ, ಅಲ್ಲಿ 9 ವೋಲ್ಟ್ ಬ್ಯಾಟರಿ ಮತ್ತು ಸುಮಾರು 300 ಓಮ್‌ನ ರೆಸಿಸ್ಟರ್ ಸಾಲಾಗಿ ಹಾಕಿದೆ. ಈ ವೈರನ್ನು ನಿಜವಾದ ಫೋನ್ ಲೈನಿಗೆ ಮಾತ್ರ ಚುಚ್ಚಬೇಡಿ.

ಈ ವೈರಲ್ಲಿ ಡಯಲ್ ಟೋನೂ ಇಲ್ಲ, ರಿಂಗೂ ಇಲ್ಲ. ವಿಂಡೋಸ್‌ನ ಮೋಡೆಮ್ ಸೆಟ್ಟಿಂಗ್‌ನಲ್ಲಿ ಡಯಲ್ ಟೋನಿಗೆ ಕಾಯುವ ಟಿಕ್ ತೆಗೆದು, ಎಕ್ಸ್ಟ್ರಾ ಸೆಟ್ಟಿಂಗ್ಸ್ ಜಾಗದಲ್ಲಿ 'ಎಕ್ಸ್3' ಅಂತ ಬರೆದೆ. ಪೈ ಕಡೆ ರಿಂಗ್ ಬರಲ್ಲವಲ್ಲ, ಅದಕ್ಕೇ ಫೋನ್ ಎತ್ತು ಅಂತ ಹೇಳುವ 'ಎಟಿಎ' ಕಮಾಂಡನ್ನು ನಾವೇ ಕಳಿಸಬೇಕು. ಕನೆಕ್ಟ್ ಆದ ಮೇಲೆ ಉಳಿದ ಸಂಪರ್ಕವನ್ನು ಪೈ ಮೇಲಿನ ಪಿಪಿಪಿಡಿ ಅನ್ನೋ ಪ್ರೋಗ್ರಾಮ್ ನೋಡಿಕೊಳ್ಳುತ್ತದೆ. ಮೋಡೆಮ್ ಮೇಲೆ 56ಕೆ ಅಂತ ಬರೆದಿದ್ದರೂ ಸಿಗೋದು ಹೆಚ್ಚೆಂದರೆ ಸೆಕೆಂಡಿಗೆ 33.6 ಕಿಲೋಬಿಟ್. ಪೂರ್ತಿ ವೇಗ ಬೇಕಾದರೆ ಐಎಸ್‌ಪಿ ಕಡೆಯ ತುದಿ ಡಿಜಿಟಲ್ ಆಗಿರಬೇಕು.

ಕನೆಕ್ಷನ್ ಬಂತು, ಪಿಂಗ್ ಹೋಯಿತು. ಎಕ್ಸ್‌ಪ್ಲೋರರ್ 5ರಲ್ಲಿ ಮಾತ್ರ ಒಂದು ಸೈಟೂ ತೆರೆಯಲಿಲ್ಲ. ಸೈಟಿನ ಜೊತೆ ಗುಪ್ತವಾಗಿ ಮಾತಾಡುವ ವಿಧಾನಗಳಲ್ಲಿ ಅದಕ್ಕೆ ಗೊತ್ತಿರೋದು ಎಸ್‌ಎಸ್‌ಎಲ್, ಜಾಸ್ತಿ ಅಂದರೆ ಟಿಎಲ್‌ಎಸ್ 1.0. ಈಗಿನ ಬಹುತೇಕ ಸೈಟುಗಳು 1.2ಕ್ಕಿಂತ ಕೆಳಗಿನವರನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತವೆ. ಅದರ ಮೇಲೆ ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತು ತಾರೀಖು ಹಿಂದಕ್ಕೆ ಹೋಗಿತ್ತು. ತಾರೀಖು ತಪ್ಪಿದ್ದರೆ ಸೈಟಿನ ಗುರುತು ಹೇಳುವ ಯಾವ ಸರ್ಟಿಫಿಕೇಟೂ ಸರಿ ಕಾಣಲ್ಲ. ಮೊದಲು ಆ ಬ್ಯಾಟರಿ ಬದಲಿಸಿ.

ಹಳೇ ವಿಂಡೋಸ್‌ಗೆಂದೇ ರೆಟ್ರೋಜಿಲ್ಲಾ ಅನ್ನೋ ಬ್ರೌಸರ್ ಇದೆ. ಹೊಸ ಟಿಎಲ್‌ಎಸ್ ಭಾರವನ್ನು ತಾನೇ ಹೊತ್ತುಕೊಳ್ಳುವ ವೆಬ್‌ಒನ್ ಅನ್ನೋ ಪ್ರಾಕ್ಸಿಯೂ (ನಡುವೆ ನಿಂತು ಪುಟ ತಂದುಕೊಡುವ ಪ್ರೋಗ್ರಾಮ್) ಇದೆ. ಇಂಗ್ಲಿಷ್ ಪುಟ ಸಾಕು ಅನ್ನೋರಿಗೆ ಇವು ಧಾರಾಳ. ಕನ್ನಡಕ್ಕೆ ಆಗಲ್ಲ. ಈಗಿನ ಸೈಟುಗಳು ಬಳಸುವ ಯೂನಿಕೋಡ್ ಕನ್ನಡ ವಿಂಡೋಸ್‌ಗೆ ಬಂದದ್ದು ಎಕ್ಸ್‌ಪಿ ಜೊತೆ, ತುಂಗಾ ಫಾಂಟ್ ಸಮೇತ. 98ರಲ್ಲಿ ಪುಟ ತುಂಬಾ ಬರೀ ಚೌಕಗಳು. ಆ ಕಾಲದಲ್ಲಿ ನಾವು ಬರಹ, ನುಡಿ ಫಾಂಟ್ ಹಾಕಿಕೊಂಡು ದಿನ ತಳ್ಳಿದ್ದು ಅದಕ್ಕೇ ಅಲ್ವಾ?

ಕೆಲಸಕ್ಕೆ ಬಂದದ್ದು ಡಬ್ಲ್ಯೂಆರ್‌ಪಿ ಅನ್ನೋ ಸಣ್ಣ ಪ್ರೋಗ್ರಾಮ್. ಪೈ ಮೇಲೆ ಇದು ಕ್ರೋಮಿಯಮ್ ಬ್ರೌಸರ್ ಓಡಿಸಿ, ಇಡೀ ಪುಟವನ್ನು ಒಂದು ಚಿತ್ರ ಮಾಡಿ ಕಳಿಸುತ್ತದೆ. ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಆ ಜಾಗ ಪೈಗೆ ತಿಳಿದು ಲಿಂಕ್ ತೆರೆಯುತ್ತದೆ. ಒತ್ತಕ್ಷರ ಜೋಡಿಸೋದೂ ಪೈ ಕೆಲಸವೇ, 98ಕ್ಕೆ ಅದು ಬರೀ ಒಂದು ಜಿಐಎಫ್ ಚಿತ್ರ. 'ಕೃಷ್ಣರಾಜಸಾಗರ' ಅಚ್ಚುಕಟ್ಟಾಗಿ ಮೂಡಿದಾಗ ಸುಮ್ನೆ ನೋಡುತ್ತಾ ಕೂತೆ.

ಇದರಿಂದ ಸಮಯವೂ ಉಳಿಯುತ್ತದೆ. 33.6ರಲ್ಲಿ ಸೆಕೆಂಡಿಗೆ ಸಿಗೋದು ಸುಮಾರು 4 ಕೆಬಿ. 3 ಎಂಬಿ ಪುಟ ನೇರವಾಗಿ ತರಿಸಿದರೆ 12 ನಿಮಿಷಕ್ಕೂ ಜಾಸ್ತಿ. ಅದೇ ಪುಟ 60 ಕೆಬಿಯ ಚಿತ್ರವಾಗಿ ಬಂದರೆ 15 ಸೆಕೆಂಡ್. ಬಣ್ಣ ಕಡಿಮೆ ಮಾಡಿದಷ್ಟೂ ಬೇಗ. ಅಕ್ಷರ ಓದೋಕೆ 16 ಬಣ್ಣ ಬೇಕಾದಷ್ಟಾಯಿತು.

ಪಿಸಿಯಿಂದ ಪೈವರೆಗೆ ಎಲ್ಲಾ ಬಯಲಲ್ಲೇ ಹೋಗುತ್ತದೆ, ಗುಪ್ತ ಅನ್ನೋದಿಲ್ಲ. ಅದಕ್ಕೇ ಇದರಲ್ಲಿ ಬ್ಯಾಂಕ್, ಮೇಲ್ ತೆರೆಯಬೇಡಿ. ರೌಟರ್‌ನಲ್ಲಿ ಪೈನ 8080 ಪೋರ್ಟನ್ನು (ಡಬ್ಲ್ಯೂಆರ್‌ಪಿ ಬಳಸುವ ಬಾಗಿಲು) ಹೊರಗಿನವರಿಗೆ ತೆರೆದಿಡಲೂಬೇಡಿ.