ಹಾಳು ಮಾಡಲು ಸಿಕ್ಕ ತಾಮ್ರದ ತಂತಿ

ನಮ್ಮ ಕಡೆ ಮೋಟಾರು ಸುಡುವುದಕ್ಕೆ ಎರಡು ಹಂಗಾಮು. ಒಂದು ಫೆಬ್ರವರಿಯಿಂದ ಮೇವರೆಗೆ, ಅಡಿಕೆ ತೋಟಕ್ಕೆ ನೀರು ಬಿಡುವ ಕಾಲ. ಕರೆಂಟು ಬಂದ ಕೂಡಲೇ ಕಣಿವೆಯವರೆಲ್ಲ ಒಟ್ಟಿಗೆ ಪಂಪ್ ಹಾಕುತ್ತಾರೆ, ವೋಲ್ಟೇಜ್ ಕುಸಿಯುತ್ತದೆ, ಮೋಟಾರು ಬಿಸಿಯಾಗಿ ಸುಡುತ್ತದೆ. ಇನ್ನೊಂದು ಮಳೆ ಹಿಡಿಯುವ ಹೊತ್ತು. ಆಗ ಇರುವೆ, ಹಲ್ಲಿಗಳಿಗೆ ಸ್ಟಾರ್ಟರ್ ಡಬ್ಬಿಯಷ್ಟು ಬೆಚ್ಚಗಿನ ಮನೆ ಬೇರೆ ಸಿಗುವುದಿಲ್ಲ. ಕಾಂಟ್ಯಾಕ್ಟಿನ ಸಂದಿಯಲ್ಲಿ ಒಂದು ಹಲ್ಲಿ ಸಿಕ್ಕಿಕೊಂಡರೆ ಮೂರು ಫೇಸಿನಲ್ಲಿ ಒಂದು ತಪ್ಪುತ್ತದೆ. ಉಳಿದ ಎರಡರಲ್ಲೇ ಏದುಸಿರು ಬಿಡುತ್ತಾ ಓಡಿದ ಮೋಟಾರು ಸಂಜೆಯೊಳಗೆ ನನ್ನ ಅಂಗಡಿಗೆ ಬರುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನನ್ನದೊಂದು ರಿವೈಂಡಿಂಗ್ ಅಂಗಡಿ ಇದೆ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಕೆಲಸ. ಅದಕ್ಕೂ ಮುಂಚೆ ಬೆಂಗಳೂರಿನ ಹೋಟೆಲುಗಳಲ್ಲಿ ಸಪ್ಲೈಯರ್ ಆಗಿದ್ದೆ. ಅಪ್ಪನಿಗೆ ಹುಷಾರು ತಪ್ಪಿ ಊರಿಗೆ ಬಂದವನು ಒಂದು ವರ್ಷ ಅಡಿಕೆ ಸುಲಿದೆ, ಅಡಿಕೆ ಹೊತ್ತೆ. ಮೋಟಾರಿನ ಕೆಲಸ ಕಲಿಯುವ ಆಸೆಯಿಂದ ಶಿವಮೊಗ್ಗದ ಒಂದು ಅಂಗಡಿಗೂ ಸೇರಿದೆ. ಆರು ತಿಂಗಳು ಗುಡಿಸಿದೆ, ಚಹಾ ತಂದೆ, ಸುಟ್ಟ ಕಾಯಿಲ್, ಅಂದರೆ ತಂತಿಯ ಸುರುಳಿ, ಕಿತ್ತೆ. ಹೊಸ ತಂತಿ ಮುಟ್ಟಲು ಮಾತ್ರ ಮಾಲೀಕರು ಬಿಡಲಿಲ್ಲ. ಅವರದು ತಪ್ಪೆಂದು ಈಗ ನನಗೆ ಅನಿಸುವುದಿಲ್ಲ. ತಾಮ್ರದ ಬೆಲೆ ಗೊತ್ತಿರುವ ಯಾರೂ ಕಲಿಯುವವನ ಕೈಗೆ ತಂತಿ ಕೊಡುವುದಿಲ್ಲ.

ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯ ಜಾಹೀರಾತನ್ನು ಪಂಚಾಯಿತಿ ಗೋಡೆಯ ಮೇಲೆ ನೋಡಿದ್ದು ಆಗಲೇ. ಮೋಟಾರ್ ರಿವೈಂಡಿಂಗ್ ಮತ್ತು ಪಂಪ್‌ಸೆಟ್ ದುರಸ್ತಿ, 30 ದಿನ, ಊಟ ವಸತಿ ಉಚಿತ. ಧರ್ಮಸ್ಥಳದವರೂ ಎರಡು ಬ್ಯಾಂಕುಗಳೂ ಸೇರಿ 1982ರಲ್ಲಿ ಉಜಿರೆಯಲ್ಲಿ ಶುರು ಮಾಡಿದ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆಯ ಮಾದರಿಯನ್ನೇ ಕೇಂದ್ರ ಸರ್ಕಾರ ಜಿಲ್ಲೆ ಜಿಲ್ಲೆಗೂ ಹರಡಿದೆ. ಬ್ಯಾಂಕು ನಡೆಸುತ್ತದೆ, ತರಬೇತಿಯ ಖರ್ಚನ್ನು ಗ್ರಾಮೀಣಾಭಿವೃದ್ಧಿ ಸಚಿವಾಲಯ ಕೊಡುತ್ತದೆ. ಇದೆಲ್ಲ ಆಮೇಲೆ ತಿಳಿದದ್ದು. ಅವತ್ತು ನನ್ನ ಕಣ್ಣಿಗೆ ಬಿದ್ದದ್ದು ಊಟ ಎಂಬ ಪದ. ಕೂಲಿ ಬಿಟ್ಟು ಒಂದು ತಿಂಗಳು ಕೂರಬೇಕಾದವನಿಗೆ ಅದು ಸಣ್ಣ ಮಾತಲ್ಲ.

ಬೆಳಗಾದರೆ ಪ್ರಾರ್ಥನೆ, ಶ್ರಮದಾನ, ಆಮೇಲೆ ನಿನ್ನೆ ಕಲಿತದ್ದನ್ನು ಒಬ್ಬೊಬ್ಬರಾಗಿ ಎದ್ದು ಹೇಳಬೇಕು. ಒಂದು ದಿನ ಕಣ್ಣಿಗೆ ಬಟ್ಟೆ ಕಟ್ಟಿ, ಮರದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ ಗೋಪುರ ಕಟ್ಟಿಸಿದರು. ಉದ್ಯಮಿಯ ಗುಣ ಬೆಳೆಸುವ ಆಟವಂತೆ. ಅದರಿಂದ ನಾನು ಏನು ಕಲಿತೆನೆಂದು ಇವತ್ತಿಗೂ ನನಗೆ ಹೊಳೆದಿಲ್ಲ.

ಆದರೆ ಅಲ್ಲಿ ತಂತಿ ಕೊಟ್ಟರು. 24 ಸ್ಲಾಟಿನ ಒಂದು ಹಳೆಯ ಸ್ಟೇಟರ್ ಇತ್ತು. ಸ್ಟೇಟರ್ ಎಂದರೆ ಮೋಟಾರಿನ ತಿರುಗದ ಭಾಗ, ಸ್ಲಾಟ್ ಎಂದರೆ ಅದರಲ್ಲಿ ತಂತಿ ಕೂರುವ ಗಾಡಿ. ಅದಕ್ಕೆ ಕಾಯಿಲ್ ಇಳಿಸುವುದು, ಬಿಚ್ಚುವುದು, ಮತ್ತೆ ಇಳಿಸುವುದು. ಸ್ಲಾಟಿನ ಬಾಯಿ ಕಿರಿದು. ಅಲ್ಲಿ ಎಳೆಗಳನ್ನು ಬೆರಳ ತುದಿಯಿಂದ ಹರವಿ, ನಾಲ್ಕೈದು ಎಳೆ ಒಟ್ಟಿಗೆ ಜಾರುವಂತೆ ತೀಡಬೇಕು. ಒತ್ತಾಯ ಮಾಡಿದರೆ ತಂತಿಯ ಎನಾಮೆಲ್ ಲೇಪ ಕಬ್ಬಿಣದ ಅಂಚಿಗೆ ತಾಗಿ ಕೂದಲೆಳೆಯಷ್ಟು ಸುಲಿಯುತ್ತದೆ. ಕಣ್ಣಿಗೆ ಕಾಣುವುದೇ ಇಲ್ಲ. ಎಲ್ಲ ಮುಗಿಸಿ, ಬಿದಿರ ಕಡ್ಡಿ ಬಡಿದು, ಪರೀಕ್ಷೆಗೆ ಬಳಸುವ ಸೀರೀಸ್ ಲ್ಯಾಂಪಿನ ಒಂದು ತುದಿಯನ್ನು ವೈಂಡಿಂಗಿಗೂ ಇನ್ನೊಂದನ್ನು ಮೋಟಾರಿನ ಮೈಗೂ ಹಿಡಿದಾಗ ದೀಪ ಹತ್ತುತ್ತದೆ. ಹತ್ತಿದರೆ ಕರೆಂಟು ಮೋಟಾರಿನ ಮೈಗೆ ಸೋರುತ್ತಿದೆ, ಕೆಲಸ ಕೆಟ್ಟಿತೆಂದು ಅರ್ಥ. ನನ್ನ ದೀಪ ಹತ್ತಿದ್ದು ಒಂದು ಸಲವಲ್ಲ. ಮೇಷ್ಟ್ರು ಬೈಯಲಿಲ್ಲ. ‘ಬಿಚ್ಚು, ಎಲ್ಲಿ ಸುಲಿದಿದೆ ನೋಡು’ ಎಂದರು, ಅಷ್ಟೇ. ಆರು ತಿಂಗಳು ಅಂಗಡಿಯಲ್ಲಿ ಸಿಗದೆ ಹೋದದ್ದು ಇದು. ಸುಟ್ಟ ಸ್ಟೇಟರನ್ನು ಸೌದೆಯ ಬೆಂಕಿಗೆ ಹಾಕಿ ಹಳೆಯ ವೈಂಡಿಂಗ್ ತೆಗೆಯುವ ಚಾಳಿಯನ್ನೂ ಬಿಡಿಸಿದವರು ಅವರೇ. ಬೆಂಕಿಗೆ ಹಾಕಿದರೆ ಕೆಲಸ ಬೇಗ ಆಗುತ್ತದೆ, ಆದರೆ ಕೋರಿನ, ಅಂದರೆ ಸ್ಟೇಟರಿನ ಕಬ್ಬಿಣದ, ತೆಳುತಗಡುಗಳ ನಡುವಿನ ಲೇಪವೂ ಸುಟ್ಟು ಮುಂದೆ ಆ ಮೋಟಾರು ಸುಮ್ಮನೆ ಓಡಿದರೂ ಬಿಸಿಯಾಗುತ್ತದೆ.

ಸಾಲಕ್ಕೆ ಮೊದಲು ಹೋದ ಬ್ಯಾಂಕಿನವರು ಪ್ರಮಾಣಪತ್ರವನ್ನು ತಿರುಗಿಸಿ ನೋಡಿ ಮುಂದಿನ ವಾರ ಬಾ ಎಂದರು. ಮುಂದಿನ ವಾರಗಳು ಐದಾದವು. ತರಬೇತಿ ಸಂಸ್ಥೆಯವರು ಎರಡು ವರ್ಷ ಬೆನ್ನಿಗಿರಬೇಕೆಂಬ ನಿಯಮವಿದೆ. ಅವರೇ ಇನ್ನೊಂದು ಶಾಖೆಗೆ ಕರೆದುಕೊಂಡು ಹೋಗಿ ಮುದ್ರಾ ಯೋಜನೆಯ ಶಿಶು ಸಾಲ ಕೊಡಿಸಿದರು. ಅದರ ಮಿತಿ 50,000 ರೂಪಾಯಿ. ಸುತ್ತುವ ಯಂತ್ರ, ಕರೆಂಟು ಸೋರುತ್ತದೆಯೇ ಎಂದು ಅಳೆಯುವ ಮೆಗ್ಗರ್, ಒಂದಿಷ್ಟು ತಂತಿ ಕೊಳ್ಳುವಷ್ಟರಲ್ಲಿ ಮುಗಿಯಿತು.

ಮೊದಲು ಬಂದದ್ದು ಊರಿನ ಹೆಗಡೆಯವರ ಮೂರು ಎಚ್‌ಪಿ ಮೋಟಾರು. ಹಳೆಯ ಕಾಯಿಲ್ ಎಣಿಸಿದೆ, 88. ಅಷ್ಟೇ ಸುತ್ತು ಸುತ್ತಿದೆ. ಸ್ಲಾಟಿನಲ್ಲಿ ಅಳೆದಿಟ್ಟಂತೆ ಕುಳಿತಿತು, ಮೆಗ್ಗರ್ ಚೆನ್ನಾಗಿ ತೋರಿಸಿತು, ಅಂಗಡಿಯಲ್ಲಿ ಬೆಣ್ಣೆಯಂತೆ ತಿರುಗಿತು. ಹೊಳೆದಂಡೆಗೆ ಒಯ್ದು ಪಂಪಿಗೆ ಕೂರಿಸಿದರೆ ಗುಂಯ್‌ಗುಡುತ್ತದೆಯೇ ಹೊರತು ನೀರು ತೋಟದವರೆಗೆ ಏರುವುದೇ ಇಲ್ಲ. ‘ಏನೋ ಮಾರಾಯ, ಇದು ಮೋಟಾರೋ ತಂಬೂರಿಯೋ’ ಎಂದರು ಹೆಗಡೆಯವರು. ರಾತ್ರಿಯೆಲ್ಲ ಕುಳಿತು ಹಳೆಯ ಕಾಯಿಲನ್ನು ಕೆದಕಿದಾಗ ತಿಳಿಯಿತು. ಅದನ್ನು ಎರಡೆರಡು ಎಳೆ ಜೋಡಿಸಿ ಸುತ್ತಿದ್ದರು. ಇದ್ದ ಸುತ್ತು 44. ನಾನು ಎಳೆಗಳನ್ನು ಎಣಿಸಿದ್ದೆ. ಸುತ್ತು ಇಮ್ಮಡಿಯಾದರೆ ಮೋಟಾರಿನ ತಿರುಗುಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಬರಿದೆ ತಿರುಗಲು ಅಷ್ಟು ಸಾಕು, ನೀರೆತ್ತಲು ಸಾಲದು. ಅವತ್ತು ಬಿಚ್ಚಿ ಎಸೆದ ತಾಮ್ರ ನನ್ನ ಸ್ವಂತದ್ದು.

30 ದಿನದಲ್ಲಿ ಕೈ ಪಳಗುತ್ತದೆ, ಇಂಥ ಪತ್ತೇದಾರಿಕೆ ಬರುವುದಿಲ್ಲ. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟಾರನ್ನಂತೂ ನಮಗೆ ಅರ್ಧ ದಿನ ತೋರಿಸಿದ್ದರು. ಅದರದು ಪ್ಲಾಸ್ಟಿಕ್ ಹೊದಿಕೆಯ ತಂತಿ, ನೀರು ತುಂಬಿಕೊಂಡೇ ಓಡುವ ಜಾತಿ. ಗುಡ್ಡದಿಂದ ಇಳಿಯುವ ಅಬ್ಬಿ ನೀರನ್ನೇ ಅಡಿಕೆ ಮರ ಸೀಳಿದ ದಂಬೆಯಲ್ಲಿ ತೋಟಕ್ಕೆ ಹರಿಸುತ್ತಿದ್ದ ಊರುಗಳಲ್ಲೂ ಈಗ ಬೋರ್ ಕೊರೆಸಿದ್ದಾರೆ. ನನಗೆ ಬರುವ ಕೆಲಸದಲ್ಲಿ ಹೆಚ್ಚಿನದು ಅದೇ. ಆ ಪಾಠಕ್ಕೆ ಗೋಪುರದ ದಿನವನ್ನೂ ಕೊಡಬಹುದಿತ್ತು.

ಮಲೆನಾಡಿನ ಮಳೆಗಾಲವೂ ಪಾಠದಲ್ಲಿ ಇರಲಿಲ್ಲ. ಮಾಮೂಲಿ ಮೋಟಾರಿಗೆ ವೈಂಡಿಂಗ್ ಆದ ಮೇಲೆ ವಾರ್ನಿಷ್ ಹೊಯ್ದು ಒಣಗಿಸಬೇಕು. ನಾವು ಕಲಿತದ್ದು ಬೇಸಿಗೆಯಲ್ಲಿ, ಅಂಗಳದ ಬಿಸಿಲಿಗಿಟ್ಟರೆ ಆಯಿತು. ಜುಲೈ ತಿಂಗಳ ತೀರ್ಥಹಳ್ಳಿಯಲ್ಲಿ ಉಟ್ಟ ಬಟ್ಟೆಯೇ ಒಣಗುವುದಿಲ್ಲ. ಮೂರು ದಿನವಾದರೂ ವಾರ್ನಿಷ್ ಬೆರಳಿಗೆ ಅಂಟುತ್ತಿತ್ತು. ಕೊನೆಗೆ ಸ್ಟೇಟರನ್ನು ಬಚ್ಚಲೊಲೆಯ ಪಕ್ಕದಲ್ಲಿಟ್ಟೆ. ಹಂಡೆಯ ನೀರೆಲ್ಲ ವಾರ್ನಿಷ್ ನಾತ ಹೊಡೆಯಿತು. ಅಮ್ಮ ಅದನ್ನು ಜಗಲಿಗೆ ತಂದಿಟ್ಟು, ‘ಇದಕ್ಕೆ ಬೆಂಕಿ ಹತ್ತಿದರೆ ಅಡಿಕೆಯ ಅಟ್ಟವೂ ಹೋಗುತ್ತದೆ’ ಎಂದಳು. ಅಮ್ಮ ಹೇಳಿದ್ದು ಸರಿಯಾಗಿತ್ತು, ವಾರ್ನಿಷ್ ಬೆಂಕಿಗೆ ಹಾತೊರೆಯುವ ವಸ್ತು.

ಈಗ ಒಂದು ಹಳೆಯ ಡಾಂಬರು ಡ್ರಮ್ಮಿನೊಳಗೆ 200 ವ್ಯಾಟಿನ ನಾಲ್ಕು ಬಲ್ಬು ಉರಿಸುತ್ತೇನೆ. ವಾರ್ನಿಷ್ ಹೊಯ್ದ ಸ್ಟೇಟರನ್ನು ಹೊರಗಿಟ್ಟು ತೊಟ್ಟಿಕ್ಕುವುದೆಲ್ಲ ನಿಂತ ಮೇಲೆ ಡ್ರಮ್ಮಿನಲ್ಲಿ ತೂಗು ಹಾಕಿ, ಆವಿ ಹೋಗಲು ಮುಚ್ಚಳ ಓರೆ ಮಾಡಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಉಗುರು ಒತ್ತಿದರೂ ಗುರುತು ಬೀಳುವುದಿಲ್ಲ. ತೊಂದರೆ ಇರುವುದು ಬಲ್ಬಿನದು. ಅಂಗಡಿಯವರೆಲ್ಲ ಎಲ್‌ಇಡಿ ತೋರಿಸುತ್ತಾರೆ, ಅದರಲ್ಲಿ ಕಾವೇ ಇಲ್ಲ. ತೀರ್ಥಹಳ್ಳಿ, ಹೊಸನಗರ ಸುತ್ತಿ ಕೂಡಿಟ್ಟಿದ್ದ ಹಳೆಯ ಬಲ್ಬುಗಳಲ್ಲಿ ಈ ವರ್ಷದ ಮಳೆಗೆ ಮೂರು ಉಳಿದಿವೆ. ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಎಸೆಯಬೇಡಿ.