ಮರದ ಮೇಜಿಗೆ ಚರ್ಮ ಅಂಟಿಸಲು ನಾನು ಅಂಟು ಆರಿಸಿದ ಬಗೆ

ಬಸವನಗುಡಿಯ ನಮ್ಮ ಮನೆಯಲ್ಲಿ ತೇಗದ ಹಳೆಯ ಬರೆಯುವ ಮೇಜೊಂದಿದೆ. ಅದರ ಮೇಲಿದ್ದ ಹರಿದ ರೆಕ್ಸಿನ್ ಕಿತ್ತು ಆಡಿನ ಚರ್ಮ ಹಾಕಿದೆ. ಉಳಿದ ತುಂಡುಗಳನ್ನು ಡ್ರಾಯರಿನ ದುಂಡು ಹಿಡಿಗಳಿಗೆ ಸುತ್ತಿದೆ. ಚರ್ಮ ಒಂದೇ, ಮರವೂ ಒಂದೇ, ಆದರೆ ಅಂಟು ಮಾತ್ರ ಬೇರೆ ಬೇರೆ.

ಅಂಗಡಿಯಲ್ಲಿ ಕೇಳಿದರೆ ಯಾವುದು ಹೆಚ್ಚು ಗಟ್ಟಿ ಅನ್ನುವ ಲೆಕ್ಕದಲ್ಲೇ ಡಬ್ಬಿ ಕೈಗಿಡುತ್ತಾರೆ. ಮರವೂ ಚರ್ಮದ ಒಳಮೈಯೂ ಅಂಟು ಹೀರಿಕೊಳ್ಳುತ್ತವೆ, ಹಾಗಾಗಿ ಹಿಡಿತದ ಚಿಂತೆ ಅಷ್ಟಿಲ್ಲ. ಹಚ್ಚಿದ ಮೇಲೆ ಸರಿಸಿ ಕೂರಿಸಲು ಎಷ್ಟು ಹೊತ್ತು ಸಿಗುತ್ತದೆ, ಒಣಗಿದ ಮೇಲೆ ಚರ್ಮದ ಜತೆ ಬಾಗುತ್ತದೋ ಇಲ್ಲವೋ, ನಾನು ನೋಡುವುದು ಇವೆರಡನ್ನೇ. ಫೆವಿಕ್ವಿಕ್ ಕಲ್ಲಿನಂತೆ ಬಿಗಿದು ಚರ್ಮದಲ್ಲಿ ಕಪ್ಪು ಕಲೆ ಬಿಡುತ್ತದೆ. ಅರಾಲ್ಡೈಟ್ ಕೂಡ ಬಾಗುವುದಿಲ್ಲ. ಎರಡನ್ನೂ ಬದಿಗಿಟ್ಟೆ.

ಮೇಜಿನ ಮೇಲ್ಮೈ ಚಪ್ಪಟೆ, ವಿಶಾಲ. ಅಲ್ಲಿ ಚರ್ಮ ಅರ್ಧ ಇಂಚು ಓರೆಯಾದರೂ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಬಿಳಿ ಫೆವಿಕಾಲ್ ಎಸ್‌ಎಚ್ ತೆಗೆದುಕೊಂಡೆ. ಇದು ನೀರಿನ ಅಂಟು, ಕೆಲವು ನಿಮಿಷ ಜರುಗಿಸಲು ಬಿಡುತ್ತದೆ. ಮೊದಲು ಹಳೆಯ ಪಾಲಿಶ್ ಪೂರ್ತಿ ಹೋಗುವಂತೆ ಮರಳು ಕಾಗದ ಉಜ್ಜಿದೆ. ಪಾಲಿಶ್ ಉಳಿದರೆ ಅಂಟು ಹಿಡಿಯುವುದು ಪಾಲಿಶ್ಶನ್ನು, ಮರವನ್ನಲ್ಲ. ಆಮೇಲೆ ಪ್ಲಾಸ್ಟಿಕ್ ಕಾರ್ಡಿನಿಂದ ಮರಕ್ಕೆ ಮಾತ್ರ ತೆಳುವಾಗಿ ಎಳೆದೆ. ಚರ್ಮಕ್ಕೆ ಹಚ್ಚಿದರೆ ಅದು ನೀರು ಕುಡಿದು ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ಅಂಚಿನಲ್ಲಿ ಸಂದು ಬಿಡುತ್ತದೆ. ಮಧ್ಯದಿಂದ ಹೊರಕ್ಕೆ ಅಂಗೈಯಿಂದ ಸವರುತ್ತಾ ಗಾಳಿ ತೆಗೆದೆ. ಎಳೆದು ಕೂರಿಸಲೇಬಾರದು. ಮೇಲೆ ಬಟರ್ ಪೇಪರ್, ಅದರ ಮೇಲೆ ಪ್ಲೈವುಡ್, ಅದರ ಮೇಲೆ ದಪ್ಪ ಪುಸ್ತಕಗಳು, ರಾತ್ರಿಯಿಡೀ. ಅಂಚಿನಲ್ಲಿ ಹೆಚ್ಚಾಗಿ ಬಿಟ್ಟಿದ್ದನ್ನು ಒಣಗಿದ ಮೇಲೆ ಹೊಸ ಬ್ಲೇಡಿನಿಂದ ಕತ್ತರಿಸಿದೆ.

ಹಿಡಿಗಳಿಗೆ ಈ ಅಂಟು ಆಗುವುದಿಲ್ಲ. ದುಂಡು ಮೈಗೆ ಸುತ್ತಿದ ಚರ್ಮ ಬಿಚ್ಚಿಕೊಳ್ಳಲು ನೋಡುತ್ತಲೇ ಇರುತ್ತದೆ, ಅದರ ಮೇಲೆ ಭಾರ ಇಡುವುದೂ ಕಷ್ಟ. ಅಲ್ಲಿಗೆ ಮುಟ್ಟಿದ ಕೂಡಲೇ ಹಿಡಿಯುವ ರಬ್ಬರ್ ಅಂಟೇ ಬೇಕು. ಫೆವಿಕಾಲ್‌ನದೇ ಎಸ್‌ಆರ್ 998 ಬಳಸಿದೆ. ಚಪ್ಪಲಿ ಹೊಲಿಯುವವರು ಸಲ್ಯೂಷನ್ ಹಚ್ಚಿ ಸುಮ್ಮನೆ ಕಾಯುವುದನ್ನು ನೋಡಿದ್ದೀರಲ್ಲ, ಅದೇ ಕ್ರಮ. ಮರಕ್ಕೂ ಚರ್ಮದ ಒಳಮೈಗೂ ಹಚ್ಚಬೇಕು, ಬೆರಳಿನ ಹಿಂಬದಿಯಿಂದ ಮುಟ್ಟಿದರೆ ನೂಲೆಳೆಯದಷ್ಟು ಒಣಗಬೇಕು, ಆಮೇಲೆ ಒತ್ತಬೇಕು. ಕೂತ ಮೇಲೆ ಕದಲಿಸಲು ಬರುವುದಿಲ್ಲ, ಆದ್ದರಿಂದ ಜೋಡಿಸುವ ಗೆರೆಯನ್ನು ಮೊದಲೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಿ.

ಬೆಂಗಳೂರಿನ ಜುಲೈ-ಆಗಸ್ಟ್ ಮಳೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ರಬ್ಬರ್ ಅಂಟನ್ನು ತೆಳುವಾಗಿಟ್ಟಿರುವ ದ್ರಾವಕ ಆವಿಯಾಗುವಾಗ ಅಂಟಿನ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ತೆಳುವಾದ ಬಿಳಿ ಪೊರೆ ಕಟ್ಟುತ್ತದೆ. ಆ ಪೊರೆಯ ಮೇಲೆ ಒತ್ತಿದರೆ ಹಿಡಿತ ಸಾಲದು. ನಾನು ಫೆಬ್ರವರಿಯ ಒಣ ಮಧ್ಯಾಹ್ನ ಆರಿಸಿಕೊಂಡೆ, ಕಿಟಕಿಗಳೆಲ್ಲ ತೆರೆದಿದ್ದೆ, ದೇವರ ದೀಪವನ್ನೂ ನಂದಿಸಿದ್ದೆ. ಇದರ ಆವಿಗೆ ಬೆಂಕಿ ತಗುಲಬಾರದು.

ಮುಂದೊಂದು ದಿನ ಚರ್ಮ ಬದಲಿಸಬೇಕಾಗಬಹುದಾದ ಬೆಲೆಬಾಳುವ ಹಳೆಯ ಸಾಮಾನಾದರೆ ಇವೆರಡೂ ಬೇಡ. ಮೈದಾ ಅಂಟೋ, ಪ್ರಾಣಿಗಳ ಚರ್ಮ-ಮೂಳೆ ಬೇಯಿಸಿ ಮಾಡುವ ಸರೇಸೋ ಸಾಕು, ಒದ್ದೆ ಬಟ್ಟೆ ಹಾಕಿಟ್ಟರೆ ಬಿಡಿಸಿಕೊಳ್ಳುತ್ತದೆ. ಮೈದಾಕ್ಕೆ ಜಿರಳೆ, ಬೆಳ್ಳಿ ಹುಳ ಬರುತ್ತವೆ, ಅದನ್ನು ಮಾತ್ರ ಗಮನಿಸುತ್ತಿರಬೇಕು.