ಹೆಜ್ಜಾರ್ಲೆ ಫೋಟೋಗೆ ಹುಣಸೆಮರ ವಾಪಸ್ ಬಂತು

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಮೊದಲ ಸಲ ಕ್ಯಾಮೆರಾ ಹಿಡ್ಕೊಂಡು ಹೋಗಿದ್ದು ಒಂದು ಡಿಸೆಂಬರ್‌ನಲ್ಲಿ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ), ಬಣ್ಣದ ಕೊಕ್ಕರೆ ಎರಡೂ ಮನೆ ಪಕ್ಕದ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಹಸು ಕಟ್ಟಿರುತ್ತಾರೆ, ಮೇಲೆ ಹಕ್ಕಿ ಸಂಸಾರ. ಬಾಣಂತನಕ್ಕೆ ತವರಿಗೆ ಬರೋ ಹೆಣ್ಣುಮಕ್ಕಳು ಅಂತಲೇ ಊರವರು ಅವನ್ನ ಕರೆಯೋದು.

ಇಷ್ಟು ಹತ್ತಿರ ಸಿಗುತ್ತವೆ ಅಂದ್ಮೇಲೆ ಫೋಟೋ ಸುಲಭ ಅಂತ ಅನ್ಸುತ್ತೆ, ಅಲ್ವಾ? ಆದರೆ ರಸ್ತೆಯಲ್ಲಿ ನಿಂತು ಮೇಲಕ್ಕೆ ತೆಗೆದರೆ ಸಿಗೋದು ಹಕ್ಕಿಯ ಹೊಟ್ಟೆ, ಹಿಂದೆ ಬೆಳ್ಳಗಿನ ಆಕಾಶ. ಕಣ್ಣು ಕಾಣಿಸೋದೇ ಇಲ್ಲ. ಒಂದು ಹುಣಸೆಮರದ ಪಕ್ಕದ ಮನೆಯ ಅಜ್ಜಿಯನ್ನ ಕೇಳಿದೆ. "ಮಾಳಿಗೆ ಮ್ಯಾಲಕ್ಕೆ ಹೋಗಪ್ಪ, ಸದ್ದು ಮಾಡ್ಬೇಡ" ಅಂದ್ರು. ಅಲ್ಲಿಂದ ಕೆಳಗಿನ ಕೊಂಬೆಗಳ ಗೂಡು ನನ್ನ ಕಣ್ಣಿನ ಮಟ್ಟಕ್ಕೇ ಬಂತು. ಹಿಂದೆ ಆಕಾಶದ ಬದಲು ದೂರದ ಮರಗಳ ಹಸಿರು. ಹಕ್ಕಿ ಫೋಟೋದಲ್ಲಿ ಅರ್ಧ ಕೆಲಸ ನಿಲ್ಲೋ ಜಾಗದಲ್ಲೇ ಮುಗಿದುಹೋಗುತ್ತೆ.

ಹೆಜ್ಜಾರ್ಲೆ ಬೂದು ಬಿಳಿ ಹಕ್ಕಿ. ಹಿಂದೆ ಕಡು ಹಸಿರಿದ್ದರೆ ಕ್ಯಾಮೆರಾ ಮೋಸ ಹೋಗಿ ಬೆಳಕು ಜಾಸ್ತಿ ತಗೊಳ್ಳುತ್ತೆ, ರೆಕ್ಕೆಯ ಗರಿಗಳೆಲ್ಲ ಸುಣ್ಣ ಬಳಿದ ಹಾಗೆ ಆಗ್ತವೆ. ಹಾಗಾಗಿ ಎಕ್ಸ್‌ಪೋಶರ್, ಅಂದ್ರೆ ಕ್ಯಾಮೆರಾ ತಗೊಳ್ಳೋ ಬೆಳಕು, ಮುಕ್ಕಾಲು ಸ್ಟಾಪ್ ಇಳಿಸಿದೆ (ಸ್ಟಾಪ್ ಅಂದ್ರೆ ಬೆಳಕಿನ ಅಳತೆ, ಒಂದು ಸ್ಟಾಪ್ ಇಳಿಸಿದ್ರೆ ಬೆಳಕು ಅರ್ಧ ಆಗುತ್ತೆ). ಅದೇ ಹಕ್ಕಿ ಆಕಾಶಕ್ಕೆ ಹಾರಿತು ಅಂದ್ರೆ ಉಲ್ಟಾ, ಏರಿಸಬೇಕು. ಹಾರೋ ರೆಕ್ಕೆ ಮಸುಕಾಗದಿರಲಿ ಅಂತ ಶಟರ್ ವೇಗ ಸೆಕೆಂಡಿನ 1/2000, ಆಮೇಲೆ ತಿದ್ದೋಕೆ ಜಾಸ್ತಿ ಅವಕಾಶ ಇರೋ ರಾ ಫಾರ್ಮ್ಯಾಟ್ ಫೈಲ್. ಇನ್ನೊಂದು ವಿಷಯ, ನನ್ನ 150-600 ಮಿಲಿಮೀಟರ್ ಜೂಮ್ ಲೆನ್ಸನ್ನ ನಾನು ಪೂರ್ತಿ ಚಾಚಲಿಲ್ಲ. ಹೆಜ್ಜಾರ್ಲೆ ರೆಕ್ಕೆ ಅಷ್ಟು ದೊಡ್ಡದು, ಇಳಿಯುವಾಗ ತುದಿ ಕಟ್ ಆದ್ರೆ ಆಮೇಲೆ ಯಾವ ಎಡಿಟಿಂಗೂ ಅದನ್ನ ತಂದುಕೊಡಲ್ಲ. 300ರ ಹತ್ತಿರ ಇಟ್ಟುಕೊಂಡು ಕಾದೆ.

ಸುಮಾರು ಒಂದು ಗಂಟೆ ಆದ್ಮೇಲೆ ಬಲಗಡೆಯಿಂದ ಒಂದು ಬಂತು. ಕೊಕ್ಕಿನಲ್ಲಿ ಎಲೆ ಇನ್ನೂ ಅಂಟಿಕೊಂಡಿದ್ದ ಕಡ್ಡಿ. ರೆಕ್ಕೆ ಅಗಲಿಸಿ, ಕಾಲು ಮುಂದೆ ಚಾಚಿ, ಗಾಳಿಯಲ್ಲೇ ಬ್ರೇಕ್ ಹಾಕಿತು.

ಮನೆಗೆ ಬಂದು ಲೈಟ್‌ರೂಮ್ ಅನ್ನೋ ಫೋಟೋ ತಿದ್ದೋ ಸಾಫ್ಟ್‌ವೇರ್‌ನಲ್ಲಿ ತೆಗೆದು, ಸುತ್ತಲಿನದನ್ನೆಲ್ಲ ಕತ್ತರಿಸಿ ಬಿಗಿಯಾಗಿ ಕ್ರಾಪ್ ಮಾಡಿದೆ. ಹಕ್ಕಿ ದೊಡ್ಡದಾಗಿ ಕಂಡ್ರೆ ಫೋಟೋ ಚೆನ್ನ ಅನ್ನೋ ಲೆಕ್ಕ ಆಗ ನನ್ನದು. 6000 ಪಿಕ್ಸೆಲ್ ಅಗಲದ ಫೈಲ್‌ನಲ್ಲಿ ಉಳಿದದ್ದು 2000. ಅಗಲ ಮೂರನೇ ಒಂದು ಭಾಗ ಆದ್ರೆ ಒಟ್ಟು ಪಿಕ್ಸೆಲ್ ಒಂಬತ್ತನೇ ಒಂದು ಭಾಗ ಆಗುತ್ತೆ, 24 ಮೆಗಾಪಿಕ್ಸೆಲ್ ಹೋಗಿ ಮೂರೂ ಉಳಿಯಲಿಲ್ಲ.

ಮರುವರ್ಷ ಮೊಬೈಲ್‌ನಲ್ಲಿ ಅಜ್ಜಿಗೆ ತೋರಿಸಿದೆ. ಕಣ್ಣಿನ ಹತ್ತಿರ ಹಿಡಿದು ನೋಡಿ ಕೇಳಿದ್ರು, "ಹಕ್ಕಿ ಒಂದೇ ಅದಲ್ಲಪ್ಪ, ನಮ್ ಮರ ಎಲ್ಲೋಯ್ತು?"

ಆ ಮಾತು ತಲೆಯಿಂದ ಹೋಗಲಿಲ್ಲ. ಅವತ್ತು ರಾತ್ರಿಯೇ ಹಳೇ ಫೈಲ್ ತೆಗೆದು ಕ್ರಾಪ್ ಪೂರ್ತಿ ಬಿಚ್ಚಿದೆ. ಎಡಗಡೆ ಕೆಳಗೆ ಅರ್ಧ ಕಟ್ಟಿದ ಗೂಡು, ಅದರಲ್ಲಿ ಇದರ ಜೋಡಿ ಹಕ್ಕಿ ಕತ್ತು ಮೇಲೆತ್ತಿ ಬರುತ್ತಿರೋ ಹಕ್ಕಿಯನ್ನೇ ನೋಡ್ತಿತ್ತು. ನಾನು ಅದನ್ನೇ ಕತ್ತರಿಸಿ ಹಾಕಿದ್ದೆ. ಇಳಿಯೋ ಹಕ್ಕಿ ಇತ್ತು, ಇಳಿಯೋ ಜಾಗ ಇರಲಿಲ್ಲ.

ಈ ಸಲ ಹಾರೋ ಹಕ್ಕಿಯನ್ನ ಬಲಗಡೆ ಮೇಲೆ ಇಟ್ಟೆ, ಗೂಡು ಎಡಗಡೆ ಕೆಳಗೆ. ನೋಡೋರ ಕಣ್ಣು ಕೊಕ್ಕಿನ ಕಡ್ಡಿಯಿಂದ ಶುರುವಾಗಿ ಗೂಡಿನ ಕಡೆ ಓರೆಯಾಗಿ ಇಳಿಯುತ್ತೆ, ನಡುವೆ ಖಾಲಿ ಜಾಗ ಇರೋದ್ರಿಂದ ಹಕ್ಕಿ ಇನ್ನೇನು ಅಲ್ಲಿಗೆ ಹೋಗುತ್ತೆ ಅನ್ನೋದು ಗೊತ್ತಾಗುತ್ತೆ. ಬಲ ಅಂಚಿನಲ್ಲಿದ್ದ ಕರೆಂಟ್ ತಂತಿ ಕ್ರಾಪ್‌ನಲ್ಲೇ ಹೊರಗೆ ಹೋಯ್ತು. ರೆಕ್ಕೆಗೆ ಅಡ್ಡ ಬಂದ ಒಂದು ಒಣ ಕೊಂಬೆ ಇತ್ತು. ಅಳಿಸೋದು ಎರಡು ನಿಮಿಷದ ಕೆಲಸ, ಆದರೆ ಅಳಿಸಲಿಲ್ಲ. ನೇಚರ್ ವಿಭಾಗದ ಸ್ಪರ್ಧೆಗಳಲ್ಲಿ ಹಾಗೆ ಅಳಿಸೋದಕ್ಕೆ ಸಾಮಾನ್ಯವಾಗಿ ಒಪ್ಪೋದೂ ಇಲ್ಲ, ಅದಕ್ಕಿಂತ ಜಾಸ್ತಿ, ಆ ಕೊಂಬೆ ತಪ್ಪಿಸಿಕೊಂಡೇ ಹಕ್ಕಿ ಇಳಿದದ್ದು ನಾನು ಕಣ್ಣಾರೆ ನೋಡಿದ್ದು. ಎಡ ಮೂಲೆಯಲ್ಲಿ ಆಕಾಶದ ಒಂದು ಚೂರು ಕಣ್ಣು ಕುಕ್ಕುತ್ತಿತ್ತು, ಮಾಸ್ಕ್ ಹಾಕಿ, ಅಂದ್ರೆ ಆ ಜಾಗ ಮಾತ್ರ ಆರಿಸಿಕೊಂಡು, ಅಷ್ಟನ್ನ ಮಾತ್ರ ಮಂಕು ಮಾಡಿದೆ. ಕೆಳಗೆ ಹೆಂಚಿನ ಮಾಡಿನ ಒಂದು ಪಟ್ಟಿ ಬೇಕಂತಲೇ ಉಳಿಸಿದೆ, ಇದು ಊರೊಳಗಿನ ಮರ ಅಂತ ಗೊತ್ತಾಗಲಿ ಅಂತ.

ಈಗ ಅಗಲ 5000 ಪಿಕ್ಸೆಲ್. 300 ಡಿಪಿಐನಲ್ಲಿ, ಅಂದ್ರೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ, 16 ಇಂಚು ಅಗಲದ ಪ್ರಿಂಟ್ ಆರಾಮಾಗಿ ಬರುತ್ತೆ. ಮೊದಲ ಪ್ರಿಂಟ್‌ನಲ್ಲಿ ಹೆಂಚು ತೀರಾ ಕಪ್ಪಾಯ್ತು, ಶಾಡೋ (ಕತ್ತಲೆ ಭಾಗ) ಸ್ವಲ್ಪ ಬೆಳಗಿಸಿ ಎರಡು ಪ್ರತಿ ಮತ್ತೆ ಪ್ರಿಂಟ್‌ಗೆ ಕೊಟ್ಟಿದ್ದೀನಿ. ಒಂದು ಅಜ್ಜಿ ಮನೆಗೆ.